ಉರಾಳರ ಓಮ್ನಿಗೆ ಒಪ್ಪುವ ಬಣ್ಣ

ಮಳೆಗಾಲದ ಮೊದಲ ವಾರ ಕೋಟೇಶ್ವರದಲ್ಲಿ ಎಲ್ಲರೂ ಜಾರುತ್ತಾರೆ. ಸ್ಕೂಟರಿನವರು ಜಾರುತ್ತಾರೆ, ರಿಕ್ಷಾದವರು ಜಾರುತ್ತಾರೆ, ಗಾಡಿಯೇ ಇಲ್ಲದೆ ಕೊಡೆ ಹಿಡಿದು ನಡೆಯುವವರೂ ಜಾರುತ್ತಾರೆ. ಜಾರಿದವರು ಎದ್ದು, ಅತ್ತಿತ್ತ ನೋಡಿ, ಯಾರೂ ಕಂಡಿಲ್ಲವೆಂದು ಖಾತ್ರಿಯಾದ ಮೇಲೆ ಪಂಚೆ ಕೊಡವಿಕೊಂಡು ಮನೆಗೆ ಹೋಗುವುದು ಪದ್ಧತಿ. ಜಾರಿದ್ದಕ್ಕೆ ಹೆಮ್ಮೆಪಟ್ಟವರು ನನಗೆ ತಿಳಿದಂತೆ ಒಬ್ಬರೇ. ನನ್ನ ಹೊಲಿಗೆ ಅಂಗಡಿಯ ಪಕ್ಕದ ಮನೆಯ ಮಹಾಲಿಂಗ ಉರಾಳರು.

ಉರಾಳರದು ಹಪ್ಪಳದ ವ್ಯಾಪಾರ. ಹೆಂಡತಿ ವನಮಾಲಾ ಮತ್ತು ಕೆಲಸದ ಹೆಂಗಸರು ಲಟ್ಟಿಸಿ ಒಣಗಿಸುತ್ತಾರೆ. ಉರಾಳರು ತಮ್ಮ ಬಿಳಿ ಓಮ್ನಿಯಲ್ಲಿ ತುಂಬಿಕೊಂಡು ಬ್ರಹ್ಮಾವರದಿಂದ ಬೈಂದೂರಿನವರೆಗಿನ ಅಂಗಡಿಗಳಿಗೆ ಹಾಕಿ ಬರುತ್ತಾರೆ. ಹಾಗೆ ಹೊರಟವರು ಒಂದು ಬೆಳಿಗ್ಗೆ ನನ್ನ ಅಂಗಡಿಯೆದುರಿನ ತಿರುವಿನಲ್ಲಿ, ಕೆಸರಿನ ಮೇಲೆ ಗರಗರನೆ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತರು. ಒಳಗಿದ್ದ ಉದ್ದಿನ ಹಪ್ಪಳವೆಲ್ಲ ಪುಡಿಯಾಯಿತು. ಬಸ್ಸಿಗೆಂದು ಹೆದ್ದಾರಿಯತ್ತ ಹೊರಟಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಆ ಹುಡುಗರಲ್ಲಿ ಉರಾಳರ ಅಣ್ಣನ ಮಗ ಸುಜಯ್ ಕೂಡ ಇದ್ದದ್ದು ಅವರ ಗ್ರಹಚಾರ.

"ಚಿಕ್ಕಪ್ಪಯ್ಯ, ಇದ್ ಡ್ರಿಫ್ಟ್! ಇದ್ನ ಕಲೀಕಂದೇಳಿ ಜನ ವರ್ಷಗಟ್ಲೆ ಒದ್ದಾಡ್ತ್ರ್. ನಿಮ್ಗೆ ತನ್ನಷ್ಟಕ್ಕೇ ಬಂತಲೆ!" ಎಂದ ಸುಜಯ್.

ಗಾಡಿಯನ್ನು ಬೇಕೆಂದೇ ಅಡ್ಡಡ್ಡ ಜಾರಿಸಿ, ಬೀಳದೆ ಉಳಿಯುವುದಕ್ಕೆ ಡ್ರಿಫ್ಟ್ ಎನ್ನುತ್ತಾರಂತೆ. ಓಮ್ನಿಗೆ ಎಳೆತ ಹಿಂದಿನ ಚಕ್ರದ್ದಾದ್ದರಿಂದ ಅದು ಹುಟ್ಟಿದ್ದೇ ಇದಕ್ಕಾಗಿ ಎಂದೂ ಸುಜಯ್ ಹೇಳಿದ. ಐವತ್ತು ದಾಟಿದ ಮನುಷ್ಯನಿಗೆ ಯಾರೂ ಹೀಗೆಲ್ಲ ಹೇಳಬಾರದು. ಸಂಜೆಯೊಳಗೆ ಉರಾಳರ ನಡಿಗೆಯೇ ಬದಲಾಯಿತು. ತಿರುವಿನಲ್ಲಿ ನಡೆಯುವಾಗಲೂ ಸೊಂಟವನ್ನು ಸ್ವಲ್ಪ ಹೊರಕ್ಕೆ ಹಾಕುತ್ತಿದ್ದರು.

ವನಮಾಲಮ್ಮನಿಗೆ ಕಂಡದ್ದು ಹಪ್ಪಳದ ಪುಡಿ ಮಾತ್ರ.

"ಹ್ವಾಯ್, ನಿಮ್ಗೆ ಮಂಡೆ ಸಮಾ ಇತ್ತಾ? ಆ ಗಾಡಿ ಇನ್ನ್ ಬ್ಯಾಡ. ಶೇಖರ ಅಡುಗೆ ಪಾತ್ರೆ ಸಾಗ್ಸುಕೆ ಒಂದ್ ಗಾಡಿ ಬೇಕಂದೇಳಿ ಕೇಂತಿದ್ದ. ಅವ್ನಿಗ್ ಕೊಡುವ. ಹಪ್ಪಳ ಅಂಗಡಿಗೆ ಹಾಕುಕೆ ರಿಕ್ಷಾ ಸಾಕ್."

ಶೇಖರ ವನಮಾಲಮ್ಮನ ತಮ್ಮ. ಬ್ರಹ್ಮಾವರದಲ್ಲಿ ಮದುವೆ, ಉಪನಯನಗಳ ಅಡುಗೆ ವಹಿಸಿಕೊಳ್ಳುವವನು.

"ಮತ್ತೆ ನಾನೆಂತ ಮಾಡುದ್?" ಎಂದು ಉರಾಳರು ಕೇಳಿದರು.

"ತಾರಸಿ ಮೇಲ್ ಕೂತ್ಕಂಡ್ ಕಾಗೆ ಓಡ್ಸಿ."

ಇಲ್ಲಿ ಓದುಗರು ನಗಬಾರದು. ಆ ಮನೆಯಲ್ಲಿ ಉರಾಳರ ಮಾತು ನಡೆಯುವ ಜಾಗವೆಂದರೆ ಓಮ್ನಿಯ ಒಳಗು ಮಾತ್ರ. ಅದೂ ಹೋದರೆ ಬಿಸಿಲಿನಲ್ಲಿ ಕೋಲು ಹಿಡಿದು, ಹಪ್ಪಳಕ್ಕೆ ಎರಗುವ ಕಾಗೆಗಳಿಗೆ 'ಹುಶ್' ಎನ್ನುತ್ತ ಉಳಿದ ಆಯುಷ್ಯ ಕಳೆಯಬೇಕು. ನನ್ನ ಕಿಟಕಿಯಿಂದ ಆ ತಾರಸಿ ಕಾಣುತ್ತದೆ. ನನಗೇ ನೆನೆಸಿದರೆ ಸಂಕಟವಾಗುತ್ತಿತ್ತು.

ಕೊನೆಗೆ ಸುಜಯನೇ ನಡುವೆ ಬಿದ್ದು ರಾಜಿ ಮಾಡಿಸಿದ. ಬೈಂದೂರಿನ ಒಂದು ಯುವಕ ಸಂಘದವರು ಆ ತಿಂಗಳ ಕೊನೆಯ ಭಾನುವಾರ ಮೈದಾನದಲ್ಲಿ ಡ್ರಿಫ್ಟ್ ಸ್ಪರ್ಧೆ ಇಟ್ಟಿದ್ದರು. ಉರಾಳರು ಅದರಲ್ಲಿ ಯಾವುದಾದರೂ ಒಂದು ಬಹುಮಾನ ತಂದರೆ ಓಮ್ನಿ ಮನೆಯಲ್ಲೇ ಉಳಿಯುವುದು. ತರದಿದ್ದರೆ ಮೈದಾನದಲ್ಲೇ ಕೀಲಿಕೈ ಶೇಖರನ ಕೈಗೆ. ವನಮಾಲಮ್ಮ ಒಪ್ಪಿದರು. ಗೆಲ್ಲುವುದು ತಾನೇ ಎಂದು ಅವರಿಗೆ ಗೊತ್ತಿತ್ತು.

ಸ್ಪರ್ಧೆಗೊಂದು ನಿಯಮವಿತ್ತು. ಬಿಳಿ ಗಾಡಿಗೆ ಪ್ರವೇಶವಿಲ್ಲ. ಬಿಳಿ ಬಣ್ಣ ವಿಡಿಯೋದಲ್ಲಿ ಎದ್ದು ಕಾಣುವುದಿಲ್ಲವಂತೆ. ಗಾಡಿಗೆ ಕಣ್ಣಿಗೆ ಹೊಡೆಯುವ ಬಣ್ಣವಿರಬೇಕು.

ಮರುದಿನ ಉರಾಳರು ನನ್ನ ಅಂಗಡಿಗೆ ಬಂದು, ರವಿಕೆಗೆ ಹಾಕುವ ಲೈನಿಂಗ್ ಬಟ್ಟೆಯ ತುಂಡುಗಳನ್ನೆಲ್ಲ ಮೇಜಿನ ಮೇಲೆ ಸುರಿಸಿಕೊಂಡು ಕೂತರು. ಒಂದೊಂದೇ ತುಂಡನ್ನು ಓಮ್ನಿಯ ಮೈಗೆ ಒತ್ತಿ ಹಿಡಿದು, ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡುವರು. ಕೇರಿ ನೆರೆಯಿತು. ನಮ್ಮ ಊರಿನಲ್ಲಿ ಬಣ್ಣದ ವಿಷಯದಲ್ಲಿ ಅಭಿಪ್ರಾಯವಿಲ್ಲದವರು ಯಾರೂ ಇಲ್ಲ.

ಉರಾಳರು ಕೆಂಪು ಹಿಡಿದರು. "ಗ್ಯಾಸಿನ್ ಗಾಡಿ ಅಂದೇಳಿ ಎಲ್ರೂ ಖಾಲಿ ಸಿಲಿಂಡರ್ ತಕಂಡ್ ಬತ್ರ್," ಎಂದರು ಎದುರು ಮನೆಯ ಜಲಜಕ್ಕ.

ಹಳದಿ ಹಿಡಿದರು. ಅದು ಶಾಲೆಯ ವ್ಯಾನಿನದು. ಬೆಳಿಗ್ಗೆ ಮಕ್ಕಳು ಹತ್ತಿ ಕೂತರೆ ಇಳಿಸುವವರು ಯಾರು? ಕಡು ಹಸಿರು ಪಂಚಾಯತಿನ ಕಸದ ಗಾಡಿಯದು. ನೀಲಿ ಮೀನಿನವರದು. ಉರಾಳರಂಥ ಮೀನು ಮುಟ್ಟದ ಮನೆಯವರ ಗಾಡಿಯ ಹಿಂದೆ ಬೆಕ್ಕುಗಳು ಸಾಲುಗಟ್ಟಿದರೆ ಕಂಡವರು ಏನೆಂದಾರು? ಸುಜಯ್ ಕಪ್ಪು ಎಂದ, ಅದೂ ಹೊಳಪಿಲ್ಲದ ಕಪ್ಪು. ಜಲಜಕ್ಕ ಕೆನ್ನೆಗೆ ಕೈ ಹಚ್ಚಿಕೊಂಡರು.

"ಅಯ್ಯಬ್ಬ, ಬ್ಯಾಡ! ಅದ್ ಹೆಣದ್ ಗಾಡಿ ಮಾಣಿ. ಕಂಡವ್ರೆಲ್ಲ ಎದ್ದ್ ನಿಂತ್ಕಂತ್ರ್."

ಹೀಗೆ ಪ್ರಪಂಚದ ಬಣ್ಣಗಳನ್ನೆಲ್ಲ ಬೇರೆಯವರು ಆಗಲೇ ಹಂಚಿಕೊಂಡು ಬಿಟ್ಟಿದ್ದಾರೆ ಎಂಬ ಸತ್ಯ ಉರಾಳರಿಗೆ ಗೊತ್ತಾಯಿತು. ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ, "ಇದ್ನ ಶಾಸ್ತ್ರೀಯವಾಗಿ ಕಾಣ್ಕ್," ಎಂದು ಹೇಳಿ, ಹೆದ್ದಾರಿಯ ಬಸ್‌ಸ್ಟಾಪಿಗೆ ಹೋಗಿ ಕೂತರು. ಯಾವ ಬಣ್ಣ ಕಂಡಾಗ ಜನರ ಮುಖ ಅರಳುತ್ತದೆ ಎಂದು ನೋಡುವುದು ಅವರ ಯೋಜನೆ. ಬಹುಮಾನ ಕೊಡುವವರೂ ಜನರೇ ಅಲ್ಲವೇ?

ಮಧ್ಯಾಹ್ನ ಓಡೋಡಿ ಬಂದರು. ಮುಖದಲ್ಲಿ ಬೆಳಕಿತ್ತು.

"ಸಿಕ್ತ್ ಮಾರಾಯ್ರೆ! ಗಿಳಿಹಸಿರ್. ನಡುವಂಗೆ ಒಂದ್ ಕುಂಕುಮದ್ ಪಟ್ಟಿ. ಅದ್ ದೂರದಂಗೆ ಕಂಡದ್ದೇ ತಡ, ಕೂತವ್ರೆಲ್ಲ ಎದ್ರ್. ಅಳ್ತಿದ್ದ್ ಮಗು ಸುಮ್ನಾಯ್ತ್. ಒಬ್ಬ್ ಮುದುಕ್ರ್ ಕೈ ಮುಗುದ್ರ್!"

ನಾನು ಸೂಜಿ ಕೆಳಗಿಟ್ಟೆ. ಗಿಳಿಹಸಿರು ಮೈ, ಕುಂಕುಮದ ಪಟ್ಟಿ ಎಂದರೆ 'ಅನ್ವಿತಾ' ಬಸ್ಸು. ಜಿತೇಂದ್ರ ಶೆಟ್ಟರು ಮಗಳ ಹೆಸರಿಟ್ಟು ಬ್ರಹ್ಮಾವರದಿಂದ ಬೈಂದೂರಿಗೆ ಓಡಿಸುವ ಬಸ್ಸು. ನಮ್ಮಲ್ಲಿ ಬಸ್ಸಿನ ಬೋರ್ಡನ್ನು ಯಾರೂ ಓದುವುದಿಲ್ಲ. ದೂರದಲ್ಲಿ ಬಣ್ಣ ಕಂಡರೆ ಸಾಕು, ಕೈ ತಾನಾಗಿ ಅಡ್ಡ ಹೋಗುತ್ತದೆ.

"ಉರಾಳ್ರೆ, ಅವ್ರ್ ಖುಷಿ ಪಟ್ಟದ್ ಬಸ್ಸ್ ಬಂತಂದೇಳಿ," ಎಂದೆ.

ಉರಾಳರು ನನ್ನನ್ನು ಕನಿಕರದಿಂದ ನೋಡಿದರು. "ಆ ಬಸ್ಸಂಗೆ ಎಂತ ಇತ್ತ್ ಖುಷಿ ಪಡುಕೆ? ಸೀಟ್ ಹರದಿತ್ತ್. ಮಾಡ್ ಸೋರತ್ತ್. ಕಂಡಕ್ಟರ್ ಬೈತ. ಆದ್ರೂ ಜನ ನಗಾಡ್ತ್ರ್ ಅಂದ್ರೆ ಅದ್ ಬಣ್ಣದ್ದೇ ಮಹಿಮೆ ಅಲ್ದಾ?"

ನಾನು ಮತ್ತೆ ಸೂಜಿ ಎತ್ತಿಕೊಂಡೆ. ತಪ್ಪು ಎಲ್ಲಿದೆಯೆಂದು ಗೊತ್ತಿದ್ದರೂ ಬೆರಳಿಟ್ಟು ತೋರಿಸಲಾಗದ ತರ್ಕಗಳನ್ನು ದೇವರು ಕೆಲವರಿಗೆ ಕೊಟ್ಟಿರುತ್ತಾನೆ.

ಬಣ್ಣ ಹೊಡೆಯುವುದಕ್ಕೆ ಉರಾಳರು ಗಂಗೊಳ್ಳಿಗೆ ಹೋದರು. ಅಲ್ಲಿನ ಭೋಜ ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಗಳಿಗೆ ಬಣ್ಣ ಹೊಡೆಯುವವನು. ಅನ್ವಿತಾ ಬಸ್ಸಿಗೆ ವರ್ಷಕ್ಕೊಮ್ಮೆ ಬಣ್ಣ ಕಾಣಿಸುವವನೂ ಅವನೇ. ಚಪ್ಪರದ ಅಡಿಯಲ್ಲಿ ಎರಡು ದೊಡ್ಡ ದೋಣಿಗಳ ನಡುವೆ ಓಮ್ನಿಯನ್ನು ನಿಲ್ಲಿಸಿದರು. ಭೋಜ ಅದನ್ನು ಸುತ್ತ ನೋಡಿ, ಅಡಿ ಬಗ್ಗಿ ನೋಡಿ, "ಇದ್ ನೀರಿಗ್ ಇಳ್ಸುದಲ್ಲ ಅಲ್ದಾ?" ಎಂದು ಖಚಿತಪಡಿಸಿಕೊಂಡ.

"ಶೆಟ್ರ್ ಬಸ್ಸಿಗೆ ತಂದ್ ಬಣ್ಣವೇ ಇತ್ತ್. ಅದ್ನೇ ಹೊಡಿತೆ. ದೋಣಿ ಬಣ್ಣ ಉರಾಳ್ರೆ, ಉಪ್ಪ್ ನೀರಿಗೂ ಜಗ್ಗುದಿಲ್ಲೆ. ಇನ್ನ್ ಈ ಜನ್ಮದಂಗೆ ಬೇರೆ ಬಣ್ಣ ಇದ್ರ್ ಮೇಲ್ ಕೂರುದಿಲ್ಲೆ."

"ಆಯ್ಲಿ," ಎಂದರು ಉರಾಳರು.

ಬಣ್ಣ ಬದಲಿಸುವ ಸರಕಾರಿ ಒಪ್ಪಿಗೆಗೆ ಅಲೆದದ್ದು ಇನ್ನೊಂದು ಪುರಾಣ, ಬೇಡ. ಓಮ್ನಿ ಹೊಸ ಬಣ್ಣದಲ್ಲಿ ನಮ್ಮ ಓಣಿಗೆ ಬಂದ ಸಂಜೆ ಜಲಜಕ್ಕ ಕೊಡೆ, ಚೀಲ ಹಿಡಿದು ಮನೆಯಿಂದ ಓಡಿ ಬಂದರು. "ಬಸ್ಸ್ ಒಳಗಿನ್ ರಸ್ತಿಗೂ ಬಪ್ಪುಕ್ ಶುರು ಮಾಡ್ತಾ?" ಎಂದು ಕೇಳಿ ಬಾಗಿಲು ತೆರೆದು ಒಂದು ಕಾಲನ್ನು ಒಳಗಿಟ್ಟೂ ಬಿಟ್ಟಿದ್ದರು. ನನಗೆ ಆಗಲೇ ಅಪಶಕುನದ ವಾಸನೆ ಬಂತು. ಉರಾಳರಿಗೆ ಮಾತ್ರ ಪರಮಾನಂದ. "ಕಂಡ್ರಿಯಾ, ಹ್ಯಾಂಗ್ ಆಕರ್ಷಣೆ ಮಾಡತ್ತ್!"

ಸ್ಪರ್ಧೆಯ ದಿನ ನಾನೂ ಹೊರಟೆ. ಪಕ್ಕದಲ್ಲೊಬ್ಬ ದಾರಿ ಹೇಳುವವನು ಇರಬೇಕೆಂದು ಸುಜಯ್ ಹೇಳಿದ್ದನಂತೆ. ಹುಟ್ಟಿದಾಗಿನಿಂದ ಓಡಾಡಿದ ಹೆದ್ದಾರಿಯಲ್ಲಿ ಉರಾಳರಿಗೆ ನಾನು ಏನು ದಾರಿ ಹೇಳುವುದು? ಆದರೂ ಮುಂದಿನ ಸೀಟಿನಲ್ಲಿ ಕೂತೆ. ಗಾಡಿ ಹಗುರವಾಗಲೆಂದು ಹಿಂದಿನ ಸೀಟುಗಳನ್ನು ಸುಜಯ್ ಬಿಚ್ಚಿ ತೆಗೆದಿದ್ದ. ಅವನು ಮೊದಲೇ ಬೈಕಿನಲ್ಲಿ ಬೈಂದೂರಿಗೆ ಹೋಗಿದ್ದ.

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಸೀಟಿ ಕೇಳಿತು. ಪೊಲೀಸರೊಬ್ಬರು ಬೇರೆ ಕಡೆ ನೋಡುತ್ತಲೇ ನಮ್ಮತ್ತ ಕೈ ಬೀಸಿ ಕೂಗಿದರು.

"ಹ್ವಾಯ್, ಅನ್ವಿತಾ! ಎಷ್ಟ್ ಸಲ ಹೇಳುದ್ ನಿಮ್ಗೆ, ರಸ್ತೆ ಮೇಲ್ ಜನ ಹತ್ತಿಸ್ಬ್ಯಾಡಿ ಅಂದೇಳಿ? ಸ್ಟ್ಯಾಂಡಿಗ್ ಹಾಕಿ!"

ಆಮೇಲೆ ತಿರುಗಿ ನೋಡಿದರು. ತಲೆಯೆತ್ತಿ ನೋಡಿ ಅಭ್ಯಾಸವಾದ ಜಾಗದಲ್ಲಿ ಡ್ರೈವರ್ ಇರಲಿಲ್ಲ. ನಿಧಾನವಾಗಿ ಬಗ್ಗಿ ನಮ್ಮ ಮುಖಗಳನ್ನು ಹುಡುಕಿದರು.

"ಇದೆಂತ, ಬಸ್ಸ್ ಇಷ್ಟ್ ಸಣ್ಣ್ ಆಯ್ತ್?"

"ಸರ್, ಇದ್ ಬಸ್ಸಲ್ಲ. ಡ್ರಿಫ್ಟ್ ಕಾರ್," ಎಂದರು ಉರಾಳರು ಎದೆಯುಬ್ಬಿಸಿ.

"ಕಾರಾಯ್ಲಿ, ವಿಮಾನ ಆಯ್ಲಿ. ಹಿಂದ್ ಎಷ್ಟ್ ಗಾಡಿ ನಿಂತಿತ್ತ್ ಕಾಣಿ. ಮೊದ್ಲ್ ಸ್ಟ್ಯಾಂಡಿಗ್ ಹಾಕಿ, ಮತ್ತ್ ಮಾತಾಡುವ!"

ಸ್ಟ್ಯಾಂಡಿಗೆ ಹಾಕಿದೆವು. ಆ ವಾರ ನಿಜವಾದ ಅನ್ವಿತಾ ಬಣ್ಣಕ್ಕೆಂದು ಭೋಜನ ಚಪ್ಪರದಲ್ಲಿ ನಿಂತಿತ್ತು. ಶೆಟ್ಟರು ಬದಲಿ ಗಾಡಿ ಬಿಡುತ್ತಾರೆಂದು ಯಾರೋ ಹೇಳಿದ್ದನ್ನು ನಂಬಿ ಜನ ಕಾದಿದ್ದರು. ನಾವು ನಿಂತದ್ದೇ ತಡ, ಬದಿಯ ಬಾಗಿಲು ಸರಕ್ಕೆಂದು ಸರಿಯಿತು. ಮಾವಿನಕಾಯಿ ಬುಟ್ಟಿ ಒಳಗೆ ಬಂತು. ಬುಟ್ಟಿಯ ಹಿಂದೆ ಸರಸಕ್ಕ ಎಂಬ ಮುದುಕಿ ಬಂದರು. ಅವರ ಹಿಂದೆ ಕಿವಿಗೆ ಮೊಬೈಲಿನ ಇಯರ್‌ಫೋನ್ ಸಿಕ್ಕಿಸಿಕೊಂಡ ಪ್ರೇಕ್ಷಾ ಎಂಬ ಕಾಲೇಜು ಹುಡುಗಿ. ಕೊನೆಗೆ ಕೊಡೆ ಹಿಡಿದ ಒಬ್ಬ ಮಹಾಶಯರು. ಅವರು ಹತ್ತಿದವರೇ ಗೋಡೆಗೆ ಒರಗಿ ಕೂತು ನಿದ್ದೆ ಹೋದರು.

"ಅಮ್ಮ, ಇದಂಗೆ ಸೀಟೇ ಇಲ್ಲೆ!" ಎಂದು ಉರಾಳರು ಅಂಗಲಾಚಿದರು.

"ಅನ್ವಿತಾದಂಗೆ ನಂಗೆ ಸೀಟ್ ಸಿಕ್ಕದ್ ಯಾವತ್ತ್?" ಎಂದು ಸರಸಕ್ಕ ನೆಲದ ಮೇಲೆ ಸೆರಗು ಹಾಸಿ ಕೂತರು. "ಬೈಂದೂರ್ ಸ್ಟ್ಯಾಂಡ್. ಮಗಳ್ ಮನಿಗ್ ಹೋಪುದ್. ಬೇಗ ಬಿಡ್."

ಆಚೆ ಪೊಲೀಸರು ಮತ್ತೆ ಸೀಟಿ ಬಾಯಿಗಿಟ್ಟರು. ಉರಾಳರು ಬಿಟ್ಟರು.

ತಲ್ಲೂರಿನಲ್ಲಿ, ಹೆಮ್ಮಾಡಿಯಲ್ಲಿ, ತ್ರಾಸಿಯಲ್ಲಿ ಕೈಗಳು ಅಡ್ಡ ಬಂದವು. ನಾವು ನಿಲ್ಲಿಸದೆ ಹೋದದ್ದಕ್ಕೆ ಜನ ಜಿತೇಂದ್ರ ಶೆಟ್ಟರ ಮನೆಯವರನ್ನೆಲ್ಲ ಬೈದರು. ಹಿಂದಿನಿಂದ ಸರಸಕ್ಕ ದಾರಿಯುದ್ದಕ್ಕೂ, "ಹತ್ಸಿಕಣಿ, ಪಾಪ, ಜಾಗ ಇತ್ತ್," ಎನ್ನುತ್ತಿದ್ದರು. ಮೈದಾನ ತಲುಪುವಾಗ ತಡವಾಗಿ ಹೋಗಿತ್ತು. ಮೈಕಿನಲ್ಲಿ ಕೊನೆಯ ಕರೆ ಕೇಳುತ್ತಿತ್ತು: "ಕೋಟೇಶ್ವರದ ಮಹಾಲಿಂಗ ಉರಾಳರು ಈ ಕೂಡಲೇ ಬರತಕ್ಕದ್ದು!"

ಸಂಘದ ಶೈಲೇಶ್ ಮೈಕ್ ಹಿಡಿದುಕೊಂಡೇ ಓಡಿ ಬಂದ. ಬಗ್ಗಿ ಒಳಗೆ ನೋಡಿ, "ಹ್ವಾಯ್, ಒಳ್ಗೆ ಜನ ಇದ್ರಲೆ!" ಎಂದ. ಅದು ಊರಿಗೆಲ್ಲ ಕೇಳಿತು.

"ಅಮ್ಮ, ನೀವ್ ಒಂದ್ ಗಳಿಗಿ ಇಳೀನಿ," ಎಂದರು ಉರಾಳರು.

"ಸ್ಟ್ಯಾಂಡ್ ಬಂತಾ?"

"ಇಲ್ಲೆ, ಇದ್ ಮೈದಾನ."

"ಮತ್ತೆ ನಾನೆಂತಕ್ ಇಳೀಕ್? ನಡುದಾರಿಯಂಗೆ ಇಳ್ಸಿ ಹೋಪುಕೆ ನಾ ಎಂತ ಗೊಬ್ಬರದ್ ಮೂಟೆಯಾ?"

ಮೋಡ ಕವಿದು ಕತ್ತಲಾಗಿತ್ತು. ತೀರ್ಪುಗಾರರು ಬೇಗ ಮುಗಿಸುವ ಆತುರದಲ್ಲಿದ್ದರು. ಗಾಡಿಯಲ್ಲಿ ಪ್ರಯಾಣಿಕರು ಇರಬಾರದೆಂದು ನಿಯಮದಲ್ಲಿ ಬರೆದಿರಲಿಲ್ಲ. ಹಾಗೆ ಬರೆಯಬೇಕಾದೀತೆಂದು ಯಾರು ತಾನೇ ಎಣಿಸಿದ್ದರು? ಸುಜಯ್ ಎಲ್ಲಿಂದಲೋ ಹೆಲ್ಮೆಟ್ ತಂದು ಮೂವರ ತಲೆಗೂ ಹಾಕಿದ, ಹಿಡಿದುಕೊಳ್ಳಲು ಅಡ್ಡ ಹಗ್ಗ ಕಟ್ಟಿದ. ಸರಸಕ್ಕ ತುರುಬು ಸಡಿಲಿಸಿ ಹೆಲ್ಮೆಟ್ಟಿಗೆ ಜಾಗ ಮಾಡಿಕೊಟ್ಟರು. ಸರಕಾರದ ಹೊಸ ಕಾನೂನೆಂದು ತಿಳಿದರಂತೆ. ಮಹಾಶಯರು ಎಚ್ಚರಗೊಳ್ಳಲಿಲ್ಲ.

ಬಾವುಟ ಬಿತ್ತು.

ಮುಂದಿನದನ್ನು ನಾನು ಹೇಳಿದರೆ ನಂಬುವುದಿಲ್ಲ, ಆದರೆ ವಿಡಿಯೋ ಇದೆ. ಉರಾಳರು ಜಾರಿಸಿದರು! ಹಿಂದೆ ಮೂರು ಜನ ಮತ್ತು ಮಾವಿನಕಾಯಿಯ ಭಾರ ಸರಿಯಾಗಿ ಕೂತಿದ್ದರಿಂದಲೋ ಏನೋ, ಓಮ್ನಿ ಮೈದಾನದಲ್ಲಿ ಗುರುತಿಗಿಟ್ಟ ಮೊದಲ ಡ್ರಮ್ಮನ್ನು ಬಳಸಿ ಬಾಲ ಬೀಸಿತು, ಎರಡನೆಯದನ್ನು ಅಡ್ಡಡ್ಡ ಸುತ್ತಿತು, ಮೂರನೆಯದರ ಹತ್ತಿರ ಕೆಸರನ್ನು ತೆಂಗಿನ ಮರದೆತ್ತರಕ್ಕೆ ಹಾರಿಸಿತು. ಜನ ಹುಚ್ಚೆದ್ದು ಕೂಗಿದರು. ನಾನು ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆ ಗದ್ದಲದ ನಡುವೆಯೂ ಹಿಂದಿನ ಮಾತುಕತೆ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ನೀ ಯಾರ್ ಮನಿ ಹೆಣ್ಣ್?" ಎಂದು ಸರಸಕ್ಕ ಪ್ರೇಕ್ಷಾಳನ್ನು ವಿಚಾರಿಸುತ್ತಿದ್ದರು. "ನಾವುಂದ ಊರಿನದ್ದಾ? ನಿನ್ನ್ ಅಜ್ಜಿ ನಂಗೆ ಗೊತ್ತಿತ್ತ್. ಮಾವಿನ್ಕಾಯಿ ತಿಂತ್ಯಾ?"

ಗಾಡಿ ನಿಂತಾಗ ಅವರು ಉರಾಳರ ಬೆನ್ನು ತಟ್ಟಿದರು.

"ಡ್ರೈವರ್ ಹೊಸ್ಬನಾ? ಎಷ್ಟ್ ನಿಧಾನ ಮಾರಾಯ! ಖಾಯಂ ಡ್ರೈವರ್ ಆದ್ರೆ ಮರವಂತೆಯಂಗೆ ಇದ್ಕಿಂತ ಜೋರ್ ತಿರುಗ್ಸ್ತ."

ತೀರ್ಪುಗಾರರು ವಿಡಿಯೋವನ್ನು ಮತ್ತೆ ಮತ್ತೆ ನೋಡಿದರು. ಆಮೇಲೆ ಹಿರಿಯ ತೀರ್ಪುಗಾರರು ಮೈಕ್ ತೆಗೆದುಕೊಂಡು ಬಹಳ ವಿಷಾದದಿಂದ ಮಾತಾಡಿದರು. ಉರಾಳರ ಜಾರಿಕೆ ಚೆನ್ನಾಗಿದೆ. ಆದರೆ ಡ್ರಿಫ್ಟಿನ ಜೀವಾಳ ರೋಮಾಂಚನ. ಈ ಗಾಡಿಯೊಳಗೆ ಒಬ್ಬರು ಗೊರಕೆ ಹೊಡೆಯುತ್ತಿದ್ದಾರೆ, ಒಬ್ಬಳು ಮೊಬೈಲ್ ನೋಡುತ್ತಿದ್ದಾಳೆ, ಇನ್ನೊಬ್ಬರು ಮಾವಿನಕಾಯಿ ಹಂಚುತ್ತಿದ್ದಾರೆ. ಒಳಗಿದ್ದವರಿಗೇ ಹೆದರಿಕೆಯಾಗಿಲ್ಲವೆಂದರೆ ಅಂಕ ಕೊಡುವುದು ಹೇಗೆ? ರೋಮಾಂಚನಕ್ಕೆ ಸೊನ್ನೆ. ಉರಾಳರಿಗೆ ಕೊನೆಯ ಸ್ಥಾನ.

ಶೇಖರ ಬೇಲಿಯ ಹತ್ತಿರ ನಿಂತು ಕಾಯುತ್ತಿದ್ದ. ಉರಾಳರು ಕೀಲಿಕೈ ಕೊಟ್ಟರು. ಓಮ್ನಿಯ ಹಸಿರು ಮೈಯನ್ನು ಒಮ್ಮೆ ಸವರಿ, "ಬಣ್ಣ ಚೆಂದ ಬಂದಿತ್ತ್," ಎಂದಷ್ಟೇ ಹೇಳಿದರು. ಈ ಮನುಷ್ಯನನ್ನು ಇಷ್ಟು ದಿನ ಗೇಲಿ ಮಾಡಿದ್ದಕ್ಕೆ ನನಗೆ ಬೇಜಾರಾಯಿತು. ಶೇಖರನಿಗೆ ಬೇಜಾರು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಸರಸಕ್ಕ ಒಳಗಿನಿಂದ, "ಸ್ಟ್ಯಾಂಡಿಗ್ ಬಿಡ್ತ್ಯಾ ಇಲ್ಯಾ?" ಎಂದು ಕೂಗುತ್ತಿದ್ದರು.

ಮರುದಿನದಿಂದ ಮಳೆ ಬಿಟ್ಟು ಬಿಸಿಲು ಬಂದಾಗಲೆಲ್ಲ ಉರಾಳರು ಹಪ್ಪಳ ಕಾಯಲು ತಾರಸಿ ಹತ್ತಿದರು. ಕಿಟಕಿಯಿಂದ ನೋಡುತ್ತಿದ್ದೆ. ಕಾಗೆಗಳಿಗೂ ಅವರ ಭಯವಿರಲಿಲ್ಲ. ಕೆಳಗೆ ವನಮಾಲಮ್ಮ ಹಪ್ಪಳ ಲಟ್ಟಿಸುತ್ತ ಮೇಲೆ ನೋಡುವರು, ಮತ್ತೆ ಲಟ್ಟಿಸುವರು. ಗೆದ್ದವರ ಮುಖದಲ್ಲಿ ಇರಬೇಕಾದ ಕಳೆ ಅವರಲ್ಲಿ ಕಾಣಲಿಲ್ಲ.

ಆ ವಾರ ಮುಗಿಯುವ ಮೊದಲೇ ಓಮ್ನಿ ಉರಾಳರ ಅಂಗಳಕ್ಕೆ ವಾಪಸು ಬಂತು. ಶೇಖರ ಇಳಿದ. ಅಂಗಿಯ ಒಂದು ತೋಳು ಹರಿದಿತ್ತು, ಮೈಮೇಲೆ ಸಾಂಬಾರಿತ್ತು.

"ಅಕ್ಕ, ಈ ಗಾಡಿ ನಂಗ್ ಬ್ಯಾಡ! ತ್ರಾಸಿ ಮದುವಿಗ್ ಸಾಂಬಾರ್ ತಕಂಡ್ ಹೋಪತಿಗೆ ಜನ ಹತ್ತುಕ್ ಹತ್ತುದೇ. ನೀವ್ ಇಳೀನಿ ಅಂದ್ರೆ ಬಸ್ಸಿನ್ ಪಾಸ್ ತೋರ್ಸ್ತ್ರ್! ಸಾಂಬಾರ್ ಪಾತ್ರೆ ಮುಚ್ಚಳದ್ ಮೇಲ್ ಒಬ್ಬ್ ಮಾಸ್ಟ್ರ್ ಕೂತ್ಕಂಡ್ ಬಂದ್ರ್. ಎಲ್ರೂ ಮದಿ ಮನಿಯಂಗೇ ಇಳ್ದ್ ಉಂಡ್ ಹೋದ್ರ್. ಗಂಡಿನ್ ಕಡಿಯವ್ರ್ ಹೆಣ್ಣಿನ್ ಕಡಿಯವ್ರಂದೇಳಿ, ಹೆಣ್ಣಿನ್ ಕಡಿಯವ್ರ್ ಗಂಡಿನ್ ಕಡಿಯವ್ರಂದೇಳಿ ಬಡ್ಸಿದ್ದೇ ಬಡ್ಸಿದ್ದ್. ಕಡಿಗೆ ನಂಗೇ ಸಾಂಬಾರ್ ಇಲ್ಲೆ!"

"ಬೇರೆ ಬಣ್ಣ ಹೊಡ್ಸುಕಾಗ್ದಾ?" ಎಂದರು ವನಮಾಲಮ್ಮ.

"ಭೋಜನ ಹತ್ರ ಹೋಯಿದ್ದೆ. ಗಾಡಿ ಕರ್ಗ್ ಹೋದ್ರೂ ಆ ಬಣ್ಣ ಹೋತಿಲ್ಲೆ ಅಂತ."

ಕೀಲಿಕೈಯನ್ನು ಜಗಲಿಯ ಮೇಲಿಟ್ಟು ಶೇಖರ ರಿಕ್ಷಾ ಹತ್ತಿ ಹೋದ. ತಾರಸಿಯಿಂದ ಉರಾಳರು ಇಳಿದು ಬಂದ ವೇಗವನ್ನು ಆ ತೀರ್ಪುಗಾರರು ನೋಡಬೇಕಿತ್ತು. ಆದರೂ ಕೀಲಿಕೈ ಮುಟ್ಟದೆ, ಹೆಂಡತಿಯ ಮುಖ ನೋಡುತ್ತ ನಿಂತರು. ವನಮಾಲಮ್ಮ ಕೈಯ ಹಿಟ್ಟು ಕೊಡವಿಕೊಂಡು ಒಳಗೆ ಹೋದರು. ಒಳಗೆ ಹೋದದ್ದನ್ನೇ ಒಪ್ಪಿಗೆಯೆಂದು ತಿಳಿದು ಉರಾಳರು ಗಾಡಿ ಹತ್ತಿದರು, ಸೀಟನ್ನು ಒರೆಸಿದರು, ಕನ್ನಡಿ ಸರಿಮಾಡಿಕೊಂಡರು, ಹಿಂದೆ ತೆಗೆದು ಗೇಟಿನ ಹೊರಗೆ ತಂದರು.

ಅಷ್ಟರಲ್ಲಿ ವನಮಾಲಮ್ಮ ಸೀರೆ ಬದಲಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಬಂದು ಓಣಿಯ ಬದಿಯಲ್ಲಿ ನಿಂತಿದ್ದರು. ಓಮ್ನಿ ಹತ್ತಿರ ಬಂದಾಗ ಅಪರಿಚಿತರಂತೆ ಮುಖ ಬಿಗಿದು ಕೈ ಅಡ್ಡ ಹಿಡಿದರು.

"ಬ್ರಹ್ಮಾವರ ಹೋತ್ತಾ?"

ಉರಾಳರು ಕತ್ತು ಹೊರಗೆ ಹಾಕಿ ಹೆಂಡತಿಯನ್ನು ಮೇಲಿನಿಂದ ಕೆಳಗೆ ನೋಡಿದರು.

"ಹೋತ್ತ್, ಹೋತ್ತ್. ಬೇಗ ಹತ್ತಿ. ಮುಂದಿನ್ ಸೀಟ್ ಖಾಲಿ ಇತ್ತ್," ಎಂದರು.